ಎರಡು ಬೆರಳಿನ ಎತ್ತರ

ಕಳೆದ ಕಾರ್ತಿಕದ ಎರಡನೆಯ ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಹರಪನಹಳ್ಳಿಯಲ್ಲಿ, ಕೊಟ್ಟೂರು ರಸ್ತೆಯ ಉಬ್ಬಿನಿಂದ ಸರಿಯಾಗಿ ಮೂರು ಹೆಜ್ಜೆ ಹಿಂದೆ ನಿಂತಿದ್ದೆ. ನನ್ನ ಪೂರ್ವಕ್ಕೆ ಹಳೇ ಕಾರು ಮಾರುವ ರಜಾಕ್ ಸಾಹೇಬರ ತಗಡಿನ ಶೆಡ್ಡು, ಪಶ್ಚಿಮಕ್ಕೆ ಸರ್ಕಾರಿ ರಸ್ತೆ, ಉತ್ತರಕ್ಕೆ ಚಹಾದಂಗಡಿ, ದಕ್ಷಿಣಕ್ಕೆ ನನ್ನ ಗೆಳೆಯ ಮೈಲಪ್ಪ. ಹೀಗೆ ನಾಲ್ಕೂ ದಿಕ್ಕು ಹೇಳದಿದ್ದರೆ ನನಗೆ ಮುಂದಿನ ವಾಕ್ಯ ಬರುವುದಿಲ್ಲ. ಮೂವತ್ತನಾಲ್ಕು ವರ್ಷಗಳಿಂದ ಕೂಡ್ಲಿಗಿಯಲ್ಲಿ ಕೂತು ಜನರ ಹೊಲ ಮನೆಗಳ ಕ್ರಯಪತ್ರ, ಪಾಲುಪತ್ರ ಬರೆಯುತ್ತಿರುವ ಕೈ ಇದು. ಆವತ್ತು ಕಂಡದ್ದನ್ನೂ ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಐವತ್ತೊಂಬತ್ತು ವರ್ಷದ ಪತ್ರಬರಹಗಾರನಿಗೆ ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಕೆಂಪು ಸ್ಪೋರ್ಟ್ಸ್ ಕಾರು ಯಾಕೆ ಎಂದು ನೀವು ಕೇಳಬಹುದು. ನಮ್ಮೂರು ಕೊಟ್ಟೂರಿನ ಎಲ್ಲರೂ ಕೇಳಿದ್ದಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಂಥದೊಂದು ಕಾರು ನಮ್ಮೂರಿನಲ್ಲಿ ನೀರಿಗಾಗಿ ನಿಂತಿತ್ತು. ಎರಡು ಕೊಡ ನೀರು ತಂದುಕೊಟ್ಟದ್ದಕ್ಕೆ ಅದರ ಯಜಮಾನ ನನಗೆ ಸ್ಟೀರಿಂಗ್ ಮುಟ್ಟಲು ಬಿಟ್ಟಿದ್ದ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆ ನಿಮಿಷಕ್ಕೆ ನಲವತ್ತನಾಲ್ಕು ವರ್ಷ ವಯಸ್ಸಾಯಿತು, ನನಗೂ ಆಯಿತು, ಆಸೆಗೆ ಮಾತ್ರ ಆಗಲಿಲ್ಲ.

ರಜಾಕ್ ಸಾಹೇಬರ ಶೆಡ್ಡಿನಲ್ಲಿ ಒಂದಲ್ಲ, ಎರಡು ಕಾರು ಇದ್ದವು. ಒಂದೇ ಕಂಪನಿ, ಒಂದೇ ಕೆಂಪು. ಒಂದು ಎರಡು ಸಾವಿರದ ಹದಿಮೂರರದು, ಇನ್ನೊಂದು ಹದಿನಾರರದು. ನನಗೆ ಆಯ್ಕೆ ಕಷ್ಟವೇ ಆಗಲಿಲ್ಲ. ನಮ್ಮ ಕಸುಬಿನಲ್ಲಿ ಹಳೆಯ ಕಾಗದ ಯಾವತ್ತೂ ಹೊಸದಕ್ಕಿಂತ ಗಟ್ಟಿ. ಹದಿಮೂರರ ಗಾಡಿ ಹುಟ್ಟಿದಂದಿನಿಂದ ಒಬ್ಬನೇ ಯಜಮಾನನ ಕೈಯಲ್ಲಿತ್ತು. ಹದಿನಾರರದು ಮೂರು ಕೈ ದಾಟಿ ಬಂದಿತ್ತು. ಮೂರು ಕೈ ದಾಟಿದ ಹೊಲವನ್ನು ನಾನು ಯಾವ ಗಿರಾಕಿಗೂ ಕೊಳ್ಳಲು ಹೇಳಿದವನಲ್ಲ. ಕಾರಿಗೆ ಬೇರೆ ಕಾನೂನು ಯಾಕೆ? ಹದಿಮೂರರ ಸೀಟಿನಲ್ಲಿ ಕೂತೆ. ಏಳುವಾಗ ಶೆಡ್ಡಿನ ಕಬ್ಬಿಣದ ಕಂಬ ಬಲಗೈಗೆ ಸಿಕ್ಕಿತು, ಸಲೀಸಾಗಿ ಎದ್ದೆ. ಹದಿನಾರರದನ್ನೂ ಅದೇ ಜಾಗಕ್ಕೆ ತರಿಸಿ ಕೂತೆ, ಅದೇ ಕಂಬ, ಅಷ್ಟೇ ಸಲೀಸು. ಎರಡಕ್ಕೂ ವ್ಯತ್ಯಾಸವಿಲ್ಲವೆಂದು ಡೈರಿಯಲ್ಲಿ ಬರೆದುಕೊಂಡೆ.

"ವ್ಯತ್ಯಾಸ ಐತೆ ಸಾರ್," ಎಂದರು ರಜಾಕ್ ಸಾಹೇಬರು. "ಹದಿನಾರರಾಗೆ ಕಂಪನಿಯೋರು ಗಾಡಿನ ಎರಡು ಬೆರಳು ಎತ್ತರ ಮಾಡ್ಯಾರೆ. ಸೀಟೂ ಅಷ್ಟೇ ಮ್ಯಾಲೆ."

"ಎರಡು ಬೆರಳಿಗೆ ಏನ್ ಬಿಡ್ರಿ ಸಾಹೇಬ್ರ," ಎಂದು ನಾನು ನಕ್ಕೆ. ಆ ನಗು ನನ್ನದೇ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ತಂಬ್ರಹಳ್ಳಿಯ ಮೈಲಪ್ಪ ಕುರಿ ವ್ಯಾಪಾರಿ. ಅವನಿಗೆ ಬೇರೆಯದೇ ಶಾಸ್ತ್ರ. ಹಲ್ಲು ನೋಡದೆ ಅವನು ಕುರಿ ಮುಟ್ಟುವುದಿಲ್ಲ. ಎರಡೂ ಕಾರಿನ ಸುತ್ತ ಸುಳಿದು, ಟೈರಿನ ಗೆರೆಗಳಲ್ಲಿ ಉಗುರು ಇಳಿಸಿ ನೋಡಿ, ಹದಿಮೂರರದರ ಮೂತಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಲೇ, ಇದು ಬಾಯಿ ಕೂಡಿದ್ದು," ಎಂದ. ಹಲ್ಲೆಲ್ಲ ಬಂದು ಮುಗಿದ ಮುದಿ ಕುರಿಗೆ ಅವರು ಹಾಗೆನ್ನುತ್ತಾರೆ. "ಆ ಹದಿನಾರಂದು ನಾಲ್ಕು ಹಲ್ಲಿಂದು, ಇನ್ನೂ ಹರೇದ್ದು. ಅದನ್ನ ಹಿಡಿ."

"ಮೂರು ಕೈ ದಾಟೈತಲೇ ಅದು."

"ಕುರಿ ಎಷ್ಟು ಕೈ ದಾಟಿದ್ರೇನು, ಅದರ ಕಾಲು ದಾಟತಾವೋ ಇಲ್ಲೋ ನೋಡು. ನಡಿಸಿ ನೋಡದ ಯಾವನರ ಕುರಿ ತಗೊಂತಾನೇನು?"

ಇಷ್ಟೆಲ್ಲಾ ಮಾತನಾಡುವಾಗ ನನ್ನ ಹೆಂಡತಿ ಗಿರಿಜಮ್ಮ ಶೆಡ್ಡಿನ ನೆರಳಿನಲ್ಲಿ ಪರ್ಸು ಹಿಡಿದು ನಿಂತಿದ್ದಳು. ಅವಳ ಒಪ್ಪಿಗೆ ಇಲ್ಲದೆ ಈ ಕಾರು ನಮ್ಮ ಅಂಗಳಕ್ಕೆ ಬರುವಂತಿರಲಿಲ್ಲ, ಮತ್ತು ಅವಳ ಒಪ್ಪಿಗೆಗೆ ಒಂದೇ ಷರತ್ತು ಇತ್ತು. ಅವಳ ತವರು ಹಡಗಲಿ ತಾಲೂಕಿನ ಹೊಳಲು. ಹೋದ ವರ್ಷ ಅಲ್ಲಿ ತೊಟ್ಟಿಲ ಕಾರ್ಯಕ್ಕೆ ಹೋದಾಗ ಇವಳು ಚಾಪೆಯ ಮೇಲಿಂದ ಏಳಲು ತಡವಾಯಿತು. ತಮ್ಮನ ಹೆಂಡತಿ ನೀಲಮ್ಮ ತೋಳು ಹಿಡಿದು ಎಬ್ಬಿಸಿ, ನೆರೆದ ಹೆಂಗಸರಿಗೆಲ್ಲ ಕೇಳುವಂತೆ, "ಅಕ್ಕಾರಿಗೆ ವಯಸ್ಸಾತು, ಒಂದು ಕುರ್ಚಿ ಹಾಕ್ರಿ" ಎಂದಿದ್ದಳು. ಆ ಕುರ್ಚಿಯ ಮೇಲೆ ಗಿರಿಜಮ್ಮ ಕೂರಲಿಲ್ಲ. ಅಂದಿನಿಂದ ತವರಿಗೂ ಹೋಗಲಿಲ್ಲ.

"ನೋಡ್ರಿ," ಎಂದಿದ್ದಳು ನನಗೆ, "ನೀವು ಕೆಂಪುದರ ತಗೊಳ್ರಿ, ಹಸರುದರ ತಗೊಳ್ರಿ. ಹೊಳಲಿನಾಗ ನಮ್ಮ ತಮ್ಮನ ಮನಿ ಮುಂದ ನಾನು ಯಾರ ಕೈನೂ ಹಿಡೀದಂಗ ಇಳೀಬೇಕು. ನೀಲವ್ವ ಬಂದು ನನ್ನ ಜಗ್ಗಿ ಎಬ್ಬಿಸಿದ್ಲು ಅಂದ್ರ ಆ ಗಾಡಿ ಅಲ್ಲೇ ಬಿಟ್ಟು ಬಸ್ಸಿಗೆ ಬರ್ತೀನಿ. ಮತ್ತ ಹತ್ತಂಗಿಲ್ಲ."

ಅವಳು ಹೇಳಿದರೆ ಹೇಳಿದ್ದೇ. ಆಮೇಲೆ ಆ ಕಾರಿನಲ್ಲಿ ಎರಡನೆಯ ಸೀಟು ಇದ್ದರೆಷ್ಟು, ಬಿಟ್ಟರೆಷ್ಟು?

ಆದ್ದರಿಂದ ಮೈಲಪ್ಪನ ಮಾತಿನಂತೆ ನಡೆಸಿ ನೋಡುವುದೆಂದು ತೀರ್ಮಾನವಾಯಿತು. ರಜಾಕ್ ಸಾಹೇಬರು ಹದಿಮೂರರದನ್ನು ಓಡಿಸಲು ಕೂತರು, ಗಿರಿಜಮ್ಮ ಪಕ್ಕದಲ್ಲಿ ಕೂತಳು. ಹೊಟ್ಟೆಯ ಕೆಳಗೆ ಎಷ್ಟು ಗಾಳಿ ಉಳಿಯುತ್ತದೆಂದು ನೋಡಲು ನಾನು ಉಬ್ಬಿನ ಹಿಂದೆ, ಮೊದಲೇ ಹೇಳಿದ ಜಾಗದಲ್ಲಿ ನಿಂತೆ. ಗಾಳಿ ಉಳಿಯಲಿಲ್ಲ. ಮುಂದಿನ ಚಕ್ರ ಉಬ್ಬು ದಾಟಿತು. ಆಮೇಲೆ, ತಗಡನ್ನು ಬಂಡೆಯ ಮೇಲೆ ಎಳೆದಂಥ ಸದ್ದು ಬಂದು, ಕಾರು ಉಬ್ಬಿನ ಮೇಲೆ ಹೊಟ್ಟೆ ಇಟ್ಟು ಕೂತಿತು. ಸಾಹೇಬರು ಆಕ್ಸಿಲರೇಟರ್ ಒತ್ತಿದರು. ಹಿಂದಿನ ಚಕ್ರ ಗರಗರ ತಿರುಗಿತು, ಕಾರು ಮಾತ್ರ ತಲೆ ತಗ್ಗಿಸಿ ಬಾಲ ಎತ್ತಿಕೊಂಡು ಹಾಗೇ ಇತ್ತು. ಒಳಗೆ ನನ್ನ ಹೆಂಡತಿ ಇದ್ದಾಳೆ ಎಂಬುದು ನನಗೆ ಆಗ ಸರಿಯಾಗಿ ಹೊಳೆಯಿತು.

ಹಿಂದೆ ಬಸ್ಸು ಬಂದು ನಿಂತಿತು. ಕಂಡಕ್ಟರ್ ತಲೆ ಹೊರಗೆ ಹಾಕಿ, "ಯಾರ್ದ್ರೀ ಈ ತೊಟ್ಲಾ? ಕೂಸು ಒಳಗೈತೇನು?" ಎಂದು ಕೂಗಿದ. ಬಸ್ಸಿನ ಗಂಡಸರೆಲ್ಲ ಇಳಿದು ಬಂದರು. ನಾನು ಬಾಗಿಲು ತೆಗೆದು ಬಗ್ಗಿ ನೋಡಿದೆ. ಗಿರಿಜಮ್ಮ ಕಾಲು ಚಾಚಿ, ಕನ್ನಡಕ ಓರೆಯಾಗಿ, ಆಕಾಶ ನೋಡುತ್ತ ಕೂತಿದ್ದಳು.

"ಇಳೀ," ಎಂದೆ.

"ಏಳಾಕ ಬಂದ್ರಲ್ಲ ಇಳಿಯೋದು. ಬಾವಿಯಾಗ ಕೂಡಿಸಿದಂಗ ಐತಿ. ಎತ್ತೂದಾದ್ರ ನನ್ನ ಸಹಿತ ಎತ್ತ್ರಿ."

ಹಾಗೇ ಎತ್ತಿದರು. ಎಂಟು ಜನ, ಮೈಲಪ್ಪ ಒಂಬತ್ತನೆಯವನು. ಗಿರಿಜಮ್ಮ ಪರ್ಸು ತೊಡೆಯ ಮೇಲಿಟ್ಟುಕೊಂಡು ಉಬ್ಬು ದಾಟಿದಳು. ಇಳಿಸಿದ ಮೇಲೆ ನಾನು ಕೈ ಕೊಟ್ಟು ಎಳೆದೆ, ಮೈಲಪ್ಪ ಬೆನ್ನಿಗೆ ನೂಕಿದ. ಎದ್ದು ನಿಂತು, ಸೆರಗು ಕೊಡವಿ, ಅವಳು ಒಂದೇ ಮಾತು ಹೇಳಿದಳು: "ಇನ್ನೊಂದು ತರ್ರಿ."

"ಏನಂತಾವ ನಿನ್ನ ಹಳೇ ಕಾಗದ?" ಎಂದ ಮೈಲಪ್ಪ ಬೆವರು ಒರೆಸಿಕೊಳ್ಳುತ್ತ. "ಎರಡು ಬೆರಳಿಗೆ ಏನೂ ಆಗೂದಿಲ್ಲಂತ ನಕ್ಕಿದ್ಯಲ್ಲ, ನಮ್ಮೂರಿನ ಅಣ್ಣತಮ್ಮರ ಪಾಲುಪತ್ರ ಬರದಾವ ಯಾರಲೇ?"

ಬರೆದವನು ನಾನೇ. ತಂಬ್ರಹಳ್ಳಿಯ ಆ ಇಬ್ಬರು ಎರಡು ಬೆರಳು ಅಗಲದ ಗೋಡೆಗಾಗಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಆ ಎರಡು ಬೆರಳನ್ನು ನಾನು ಮೂರು ಸಲ ಅಳೆದು, ಪೂರ್ವ ಪಶ್ಚಿಮ ಹಾಕಿ, ಪತ್ರದಲ್ಲಿ ಎರಡು ಕಡೆ ನಮೂದಿಸಿದ್ದೆ. ಪರರ ಗೋಡೆಯಲ್ಲಿ ಕಂಡದ್ದು ಹೆಂಡತಿಯ ಸೀಟಿನಲ್ಲಿ ಕಾಣಲಿಲ್ಲ.

ಹದಿನಾರರದು ಉಬ್ಬನ್ನು ಸದ್ದಿಲ್ಲದೆ ದಾಟಿತು. ನಾನು ಅದೇ ಮೂರು ಹೆಜ್ಜೆಯ ಜಾಗದಿಂದ ನೋಡಿದೆ. ಹೊಟ್ಟೆಗೂ ಉಬ್ಬಿಗೂ ನಡುವೆ ಆಚೆಯ ಬೆಳಕು ಒಂದು ದಾರದಷ್ಟು ಕಂಡಿತು. ಕಾರು ನಿಂತಿತು. ಗಿರಿಜಮ್ಮ ಮೊದಲು ಎಡಗಾಲು ಹೊರಗಿಟ್ಟಳು, ಆಮೇಲೆ ಬಲಗಾಲು. ಮಂಡಿಯ ಮೇಲೆ ಅಂಗೈ ಊರಿ, ಒಂದು ಸಲ ಉಸಿರು ಎಳೆದು, ಎದ್ದು ನಿಂತಳು. ಯಾರನ್ನೂ ಮುಟ್ಟಲಿಲ್ಲ. ಖಾತ್ರಿಗಾಗಿ ಇನ್ನೂ ಎರಡು ಸಲ ಕೂತು ಎದ್ದಳು.

"ನಾನು ಮೊದಲಿಂದ ಹದಿನಾರೇ ಅಂತಿದ್ದೆ," ಎಂದೆ. ಮೈಲಪ್ಪ ಮುದಿ ಕುರಿಯ ಬಾಯಿ ನೋಡುವಂತೆ ನನ್ನ ಬಾಯಿ ನೋಡಿದ.

ಕಾಗದಪತ್ರ ಮುಗಿಸಿ ಮೂರನೆಯ ದಿನ ಕಾರು ನನ್ನ ಕೈಗೆ ಬಂತು. ಶೆಡ್ಡಿನಿಂದ ನೇರವಾಗಿ ಹೊಳಲಿಗೇ ಹೋಗಬೇಕೆಂದು ಗಿರಿಜಮ್ಮನ ಹಟ. ಸೀಟು ಎರಡೇ ಆದ್ದರಿಂದ ಮೈಲಪ್ಪ ತನ್ನ ಕುರಿ ಗಾಡಿಯಲ್ಲಿ ಹಿಂದೆ ಬಂದ. ಪ್ರತಿ ಉಬ್ಬಿನಲ್ಲೂ ನಾನು ಧೈರ್ಯವಾಗಿ ದಾಟಿಸಿದೆ. ಪ್ರತಿ ಉಬ್ಬಿನಲ್ಲೂ ಅವಳು ಸೀಟಿನಿಂದ ಸ್ವಲ್ಪ ಎದ್ದು ಕಾರಿನ ಭಾರ ಕಡಿಮೆ ಮಾಡಿಕೊಟ್ಟಳು.

ಹೊಳಲಿನಲ್ಲಿ ತಮ್ಮನ ಮನೆಯ ಮುಂದೆ ನಿಲ್ಲಿಸಿದೆ. ನೀಲಮ್ಮ ತಂಬಿಗೆ ನೀರು ಹಿಡಿದು ಹೊಸ್ತಿಲಿಗೆ ಬಂದಳು. ಗಿರಿಜಮ್ಮ ಬಾಗಿಲು ತೆಗೆದಳು. ಎಡಗಾಲು, ಬಲಗಾಲು, ಅಂಗೈ, ಉಸಿರು. ನಿಂತಳು. ಸೆರಗು ಸರಿಪಡಿಸಿಕೊಂಡು, "ಚಲೋ ಅದೀಯೇನವ್ವಾ ನೀಲವ್ವಾ?" ಎಂದಳು. ಆ ದನಿಯಲ್ಲಿದ್ದ ನೆಮ್ಮದಿಯನ್ನು ನಾನು ಮದುವೆಯಾದ ದಿನವೂ ಕೇಳಿರಲಿಲ್ಲ. ನನ್ನ ಆಯ್ಕೆಗೆ ನಾನೇ ಬೆನ್ನು ತಟ್ಟಿಕೊಂಡು, ಬಾಗಿಲು ತೆಗೆದು, ಎರಡೂ ಕಾಲು ಹೊರಗಿಟ್ಟು, ಏಳಲು ಬಲಗೈ ಚಾಚಿದೆ.

ಕಂಬ ಇರಲಿಲ್ಲ.

ಕಂಬ ಹರಪನಹಳ್ಳಿಯಲ್ಲಿತ್ತು, ರಜಾಕ್ ಸಾಹೇಬರ ಶೆಡ್ಡಿನಲ್ಲಿ. ಹೊಳಲಿನಲ್ಲಿ ನನ್ನ ಬಲಕ್ಕೆ ಬರೀ ಗಾಳಿ ಇತ್ತು. ಒಂದು ಸಲ ಪ್ರಯತ್ನಿಸಿ ಕೂತೆ. ಇನ್ನೊಂದು ಸಲ ಪ್ರಯತ್ನಿಸಿ, ಮೊದಲಿಗಿಂತ ಒಳಗೆ ಕೂತೆ. ನೀಲಮ್ಮ ತಂಬಿಗೆ ಕೆಳಗಿಟ್ಟು ಬಂದು ಎರಡೂ ಕೈ ಚಾಚಿದಳು. "ಕೈ ಕೊಡ್ರಿ ಅಣ್ಣಾರ, ನಾಚ್ಕಿ ಎದಕ್ಕ? ವಯಸ್ಸು ಯಾರನ್ನ ಬಿಟ್ಟೈತಿ?" ಎಂದು ಜಗ್ಗಿದಳು. ನಾನು ಬಂದೆ.

ಗಿರಿಜಮ್ಮ ಜಗಲಿಯ ಮೇಲಿಂದ ಬಹಳ ಮೆತ್ತಗೆ ಹೇಳಿದಳು: "ನೀಲವ್ವಾ, ನಿಮ್ಮ ಅಣ್ಣಾರಿಗೆ ಒಂದು ಕುರ್ಚಿ ಹಾಕು."

ಕುರ್ಚಿ ಬಂತು. ಕೂತೆ. ಇದು ಸತ್ಯವೆಂದು ಬರೆದುಕೊಟ್ಟಿದ್ದೇನೆ. ಪತ್ರಕ್ಕೆ ಇಬ್ಬರು ಸಾಕ್ಷಿ ಸಾಕು, ನನಗೆ ಮೂವರು ಸಿಕ್ಕಿದ್ದಾರೆ. ಒಂದನೆಯವಳು ನೀಲಮ್ಮ, ಹೊಳಲು. ಬದುಕಿದ್ದಾಳೆ, ತೋಳಿನಲ್ಲಿ ಶಕ್ತಿಯೂ ಇದೆ. ಎರಡನೆಯವನು ಮೈಲಪ್ಪ, ತಂಬ್ರಹಳ್ಳಿ. ಬದುಕಿದ್ದಾನೆ, ಕೋಗಳಿಯವರೆಗೂ ಹೇಳಿಕೊಂಡು ಬಂದಿದ್ದಾನೆ. ಮೂರನೆಯವಳು ಗಿರಿಜಮ್ಮ, ಕೊಟ್ಟೂರು; ಬದುಕಿದ್ದಾಳೆ, ಈಗ ತಿಂಗಳಿಗೆ ಎರಡು ಸಲ ತವರಿಗೆ ಹೋಗೋಣ ಎನ್ನುತ್ತಾಳೆ.