ಬಗ್ಗದ ಬೆನ್ನಿಗೆ ಬಂದ ಮೂರು ಮೆಮೋ

ಜಯನಗರ, 12 ಡಿಸೆಂಬರ್ 1983

ಮಾನ್ಯ ಸೂಪರಿಂಟೆಂಡೆಂಟ್ ಗಂಗಾಧರಯ್ಯನವರ ಸನ್ನಿಧಿಗೆ, ತಮ್ಮದೇ ಕಚೇರಿಯ ಅಟೆಂಡರ್ ಉಗ್ರಪ್ಪನು ನಿಂತಲ್ಲಿಂದಲೇ, ಅಂದರೆ ಬಗ್ಗದೆಯೇ, ಮಾಡುವ ನಮಸ್ಕಾರಗಳು. ಈ ಪತ್ರವನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ್ದಕ್ಕೆ ಕ್ಷಮೆಯಿರಲಿ. ತಮ್ಮ ಮೇಜು ನನಗೆ ತೀರ ತಗ್ಗು, ಬೋರ್ಡಾದರೋ ಸರಿಯಾಗಿ ಕಣ್ಣಿನ ಮಟ್ಟಕ್ಕಿದೆ.

ಎರಡು ವರ್ಷದಿಂದ ಬೆಳಿಗ್ಗೆ ಏಳುವಾಗ ನನ್ನ ಬೆನ್ನು ಹಲಗೆಯಂತೆ ಸೆಟೆದುಕೊಂಡಿರುತ್ತದೆ. ಗೋಡೆ ಹಿಡಿದು ಎದ್ದು ಒಂದು ಗಂಟೆ ಓಡಾಡಿದ ಮೇಲೆಯೇ ಅದು ಸಡಿಲವಾಗುವುದು. ಅಷ್ಟರಲ್ಲಿ ಪುಟ್ಟೇನಹಳ್ಳಿಯ ಬಸ್ಸು ಹೋಗಿರುತ್ತದೆ. ತಡವಾಗಿ ಬಂದವನಿಗೆ ತಾವು ಸೋಮಾರಿತನದ ಮೆಮೋ ದಯಪಾಲಿಸಿದಿರಿ. ಇನ್ನೊಂದು ಬರಬಾರದೆಂದು ನಾನು ಅಂಗಡಿಯ ನೋವಿನ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಮೊದಲ ಬಸ್ಸಿಗೇ ಬರತೊಡಗಿದೆ. ಬಸ್ಸು ಸಿಕ್ಕಿತು, ಹೊಟ್ಟೆ ಕೆಟ್ಟಿತು.

ಆಗಲೇ ದೊಡ್ಡ ಸಾಹೇಬರು ತಪಾಸಣೆಗೆ ಬಂದದ್ದು. ಇಡೀ ಕಚೇರಿ ಬಾಗಿ ನಮಸ್ಕರಿಸಿತು. ನಾನೊಬ್ಬ ಗರುಡಗಂಬದಂತೆ ನಿಂತಿದ್ದೆ. "ಎಷ್ಟು ಕೊಬ್ಬು ನಿಂಗೆ! ನಿಮ್ಮಪ್ಪ ದಾಸಪ್ಪ ನಮ್ಮ ಹೊಲದಲ್ಲಿ ಯಾವತ್ತೂ ತಲೆ ಎತ್ತಿದೋನಲ್ಲ, ಗೊತ್ತಾ?" ಎಂದು ತಾವು ನೆನಪಿಸಿದಿರಿ. ನಿಜ ಸ್ವಾಮಿ. ಕಳೆ ಕಿತ್ತು ಕಿತ್ತು ನಮ್ಮಪ್ಪನ ಬೆನ್ನು ಬಾಗಿಯೇ ಹೋಯಿತು. ಅದನ್ನು ಯಾರೂ ರೋಗ ಎನ್ನಲಿಲ್ಲ, ಒಳ್ಳೆಯ ನಡತೆ ಎಂದರು. ಮಗನ ಬೆನ್ನು ಬಾಗದೆ ಹೋಯಿತು. ಅದನ್ನೂ ಯಾರೂ ರೋಗ ಎನ್ನಲಿಲ್ಲ, ಉದ್ಧಟತನವೆಂದು ಎರಡನೆಯ ಮೆಮೋ ಬಂತು.

ಮೂರನೆಯದಂತೂ ತಮ್ಮ ಮೇರುಕೃತಿ. ಒಂದು ಸೋಮವಾರ ಎಡಗಣ್ಣು ಕೆಂಡದಂತಾಗಿ, ಬೆಳಕು ನೋಡಲಾಗದೆ, ಹೊಟ್ಟೆ ಹಿಡಿದುಕೊಂಡು ಕೆಲಸಕ್ಕೆ ಬಂದೆ. "ಏನಯ್ಯಾ, ಬೆಳಗ್ಗೆನೇ ಹಾಕ್ಕೊಂಡು ಬಂದಿದ್ದೀಯಾ?" ಎಂದಿರಿ.

"ಇಲ್ಲ ಸಾರ್, ನೋವಿನ ಮಾತ್ರೆ" ಎಂದೆ.

"ಮಾತ್ರೆಗೆ ಕಣ್ ಕೆಂಪಾಗುತ್ತಾ? ಕುಡಿದಿಲ್ಲ ಅಂತ ಡಾಕ್ಟ್ರ ಹತ್ರ ಬರೆಸ್ಕೊಂಡು ಬಾ, ಇಲ್ದಿದ್ರೆ ಕೆಲಸ ಮರ್ತುಬಿಡು" ಎಂದಿರಿ. ಟೈಪಿಸ್ಟ್ ಚೂಡಾಮಣಿಯವರು ಆ ಮೆಮೋ ಟೈಪು ಮಾಡಿ ನನ್ನ ಕೈಗಿಡುತ್ತಾ ಮೆಲ್ಲಗೆ, "ಯಾವ್ದೋ ಡಾಕ್ಟ್ರು ಬೇಡ, ಕಣ್ಣಾಸ್ಪತ್ರೆಗೇ ಹೋಗಿ ಉಗ್ರಪ್ಪ" ಎಂದರು.

ಅಲ್ಲಿಯ ಡಾಕ್ಟರಮ್ಮ ಹನಿ ಬಿಟ್ಟು, ದೀಪ ಹಿಡಿದು ನೋಡಿ, ಕುಡಿತದ ಮಾತೇ ಎತ್ತದೆ, "ಬೆಳಗ್ಗೆ ಎದ್ದಾಗ ಬೆನ್ನು ಹಿಡ್ಕೊಳುತ್ತಾ?" ಎಂದು ಕೇಳಿದರು. ನನ್ನ ಬೆನ್ನಿನ ವಿಷಯವನ್ನು ಯಾರಾದರೂ ಬೈಯದೆ ಕೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು, ಅವರು ಔಷಧಿಯ ಉರಿ ಎಂದುಕೊಂಡರು. ಎಕ್ಸ್‌ರೇ ತೆಗೆಸಿದರು. ಬೆನ್ನುಮೂಳೆಯ ಗೆಣ್ಣುಗಳು ಒಂದಕ್ಕೊಂದು ಬೆಸೆದುಕೊಳ್ಳುವ ವಾತವಂತೆ, ಕಣ್ಣಿನ ಉರಿಯೂ ಅದರ ನೆಂಟನಂತೆ, ಹೊಟ್ಟೆಯ ಹುಣ್ಣು ಆ ಮಾತ್ರೆಗಳ ಉಡುಗೊರೆಯಂತೆ. "ಇನ್ನೊಂದು ವಾರ ಬಿಟ್ಟಿದ್ರೆ ಕಣ್ಣು ಉಳಿಯೋದು ಕಷ್ಟ ಇತ್ತು. ಯಾರು ಕಳ್ಸಿದ್ದು ನಿಮ್ಮನ್ನ?" ಎಂದರು. ಅಭಿಮಾನದಿಂದ ತಮ್ಮ ಹೆಸರನ್ನೇ ಹೇಳಿದೆ. ತಾವು ಕುಡುಕನೆನ್ನದೆ ಹೋಗಿದ್ದರೆ ನಾನಿಂದು ಒಕ್ಕಣ್ಣ.

ಹೋದ ವಾರದ ವಿಚಾರಣೆಯಲ್ಲಿ ತಾವು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, ಸೋಮಾರಿತನ ಮತ್ತು ಕುಡಿತ ಎರಡನ್ನೂ ಹಿಂತೆಗೆದುಕೊಂಡಿರಿ. ಉದ್ಧಟತನವನ್ನು ಮಾತ್ರ, "ಬೆನ್ನು ಬಗ್ಗದಿದ್ರೆ ಬೇಡ, ಮುಖದಲ್ಲಾದ್ರೂ ಭಯ ಇರ್ಬೇಕಿತ್ತು" ಎಂದು ಉಳಿಸಿಕೊಂಡಿರಿ.

ಆದ್ದರಿಂದ ವಿನಂತಿಯೇನೆಂದರೆ, ಬಗ್ಗಲಾರದ ನೌಕರರು ಭಯವನ್ನು ಹುಬ್ಬಿನಲ್ಲಿ ತೋರಿಸಬೇಕೋ ಗಲ್ಲದಲ್ಲೋ ಎಂದು ತಾವು ಸುತ್ತೋಲೆ ಹೊರಡಿಸಬೇಕು. ಬೆಳಿಗ್ಗೆ ಬಿಸಿನೀರಿನ ಸ್ನಾನ ಮಾಡೆಂದು ಡಾಕ್ಟರಮ್ಮ ಹೇಳಿರುವುದರಿಂದ, ನೀರು ಕಾಯಿಸುವ ಸೀಮೆಎಣ್ಣೆಗೂ ಜನ ಕ್ಯೂ ನಿಲ್ಲುವ ನಮ್ಮ ಬೀದಿಯ ಕೊಳಾಯಿಗೆ ಕಾದ ನೀರನ್ನೇ ಬಿಡುವಂತೆಯೂ, ನನ್ನ ಬೆನ್ನು ಸಡಿಲವಾಗುವವರೆಗೆ ಬಸ್ಸು ಕಾಯುವಂತೆಯೂ ತಮ್ಮ ಪ್ರಭಾವ ಬಳಸಬೇಕು. ಇವೆಲ್ಲ ಆಗದಿದ್ದರೆ, ಒಂದು ಗಂಟೆ ತಡವಾಗಿ ಬಂದು ಸಂಜೆ ಒಂದು ಗಂಟೆ ಹೆಚ್ಚು ದುಡಿಯಲು ಬಿಟ್ಟು, ಉಳಿದಿರುವ ಆ ಒಂದು ಮೆಮೋವನ್ನು ಹರಿದರೂ ಸಾಕು.

ನೆಟ್ಟಗೆ ನಿಂತೇ ತಮ್ಮ ವಿಶ್ವಾಸಿಯಾಗಿರುವ,
ಉಗ್ರಪ್ಪ, ಅಟೆಂಡರ್

ಮರೆತ ಮಾತು: ವಿಚಾರಣೆ ಮುಗಿದಾಗ ತಮ್ಮ ಪೆನ್ನಿನ ಮುಚ್ಚಳ ಕೆಳಗೆ ಬಿತ್ತು. ತಾವು ಅಭ್ಯಾಸಬಲದಿಂದ ನನ್ನತ್ತ ನೋಡಿದಿರಿ. ಆಮೇಲೆ ತಾವೇ ಎದ್ದು ಬಂದು, ನನ್ನ ಕಾಲ ಬಳಿ ಬಗ್ಗಿ ಎತ್ತಿಕೊಂಡಿರಿ. ಎಷ್ಟು ಸಲೀಸಾಗಿ ಬಗ್ಗಿದಿರಿ! ತಮಗೆ ಬೆನ್ನಿನ ಕಾಯಿಲೆ ಇಲ್ಲವೆಂಬುದನ್ನು ಕಣ್ಣಾರೆ ಕಂಡು ಸಮಾಧಾನವಾಯಿತು.