ಮಿಡಿಗೇಶಿಯ ಕೌಬಾಯ್‌ಗಳು ಮತ್ತು ಒಬ್ಬ ಮಾಟಗಾತಿ

ಶಾಮಿಯಾನ ಅಂಗಡಿ ಇಟ್ಟವನ ಬದುಕಿನಲ್ಲಿ ಎಡವಟ್ಟುಗಳು ನಡೆಯುತ್ತಲೇ ಇರುತ್ತವೆ. ಮದುವೆ ಊಟ ಮುಗಿಸಿ, ಪಕ್ಕದ ಚಪ್ಪರದ ತಿಥಿಯವರಿಗೆ ಮುಯ್ಯಿ ಕೊಟ್ಟು ಹೋದವರನ್ನು ನಾನು ಕಂಡಿದ್ದೇನೆ. ಆದರೆ ಮಿಡಿಗೇಶಿ ಹತ್ತಿರ ಸಿನಿಮಾದವರು ಬಂದಿಳಿದ ಆ ದಿನಗಳೇ ಬೇರೆ. ಕೌಬಾಯ್ ಕಥೆ, ಅದರೊಳಗೊಬ್ಬಳು ಮಾಟಗಾತಿ. ತಂಡವನ್ನು ಅಮೆರಿಕಕ್ಕೆ ಕಳಿಸಲು ನಿರ್ಮಾಪಕರು ಒಪ್ಪದ್ದರಿಂದ ನಮ್ಮ ಬೋಳು ಬಂಡೆಗಳೇ ಅಮೆರಿಕ ಆಗಿದ್ದವು. ಕುರ್ಚಿ, ಜನರೇಟರ್ ಕೊಡಲು ಹೋದ ನನ್ನನ್ನು ನಿರ್ದೇಶಕರು ಲೋಕಲ್ ಮ್ಯಾನೇಜರ್ ಮಾಡಿಬಿಟ್ಟರು. ಕುದುರೆ, ಜನ ಎಲ್ಲ ನಾನೇ ಹೊಂದಿಸಬೇಕು. ಅದಕ್ಕೆ ಬದಲಾಗಿ ಪರದೆ ಮೇಲೆ ನನ್ನ ಹೆಸರು ಹಾಕುತ್ತಾರೆ. ನನ್ನ ಹೆಂಡತಿ ಈ ಸುದ್ದಿಯನ್ನು ಪಾವಗಡದ ತವರಿಗೆಲ್ಲ ಅಂದೇ ಮುಟ್ಟಿಸಿದಳು.

ಕುದುರೆ

ಶಿರಾದಿಂದ ಒಂದು ಬಿಳಿ ಕುದುರೆ ತರಿಸಿದೆ. ಮದುವೆ ಮೆರವಣಿಗೆಯ ಕುದುರೆ. ನಾಯಕ ಅದರ ಮೇಲೆ ಕೂತು ಮಾಟಗಾತಿಯನ್ನು ಅಟ್ಟಿಸಿಕೊಂಡು ಹೋಗಬೇಕು. ಹೀರೋ ಹತ್ತಿದ, ಒದ್ದ, ಗದರಿದ. ಕುದುರೆ ಕದಲಲಿಲ್ಲ.

"ಢೋಲ್ ಇಲ್ದೆ ಅದು ಹೆಜ್ಜೆ ಇಡಲ್ಲ ಭಾಯ್," ಅಂದರು ಕುದುರೆಯ ಸಾಬರು.

ಸರಿ, ತಮಟೆಯವರನ್ನು ಕರೆಸಿದೆವು. ಕುದುರೆ ಹೊರಟಿತು, ಆದರೆ ಕುಣಿಯುತ್ತಾ ಹೊರಟಿತು. ನಾಯಕ ಗಾಳಿಯಲ್ಲಿ ಗುಂಡು ಹಾರಿಸಿದ. ಪಟಾಕಿ ಅಂದುಕೊಂಡಿತೋ ಏನೋ, ಮುಂಗಾಲೆರಡನ್ನೂ ಎತ್ತಿ ಇನ್ನೂ ಜೋರಾಗಿ ಕುಣಿಯಿತು. ಕೊನೆಗೆ ಮಾಟಗಾತಿಯನ್ನು ಅವಳ ಪಾಡಿಗೆ ಬಿಟ್ಟು, ಸೀದಾ ಬಂದು ಅಡುಗೆ ನಡೆಯುತ್ತಿದ್ದ ನನ್ನ ಶಾಮಿಯಾನದ ಮುಂದೆ ನಿಂತಿತು. ಯಾರು ಎಳೆದರೂ ಬರಲೊಲ್ಲದು.

"ಇನ್ನ ಎಳೀಬೇಡಿ," ಅಂದರು ಸಾಬರು. "ಗಂಡನ್ನ ಛತ್ರಕ್ಕೆ ಮುಟ್ಸಾಯ್ತು. ಅದರ ಡ್ಯೂಟಿ ಖತಮ್."

ಬೂಟು

ದರೋಡೆಕೋರರ ಪಾತ್ರಕ್ಕೆ ನಮ್ಮ ಊರಿನ ಗಂಡಸರೇ. ಟೋಪಿ, ಬಂದೂಕು, ಮೊಣಕಾಲುದ್ದ ಬೂಟು ಹಾಕಿದ ಮೇಲೆ ಅವರವರ ಹೆಂಡತಿಯರಿಗೇ ಗುರುತು ಸಿಗಲಿಲ್ಲ. ಅವರು ಬಾಗಿಲು ಒದ್ದು ಹೆಂಡದಂಗಡಿಯ ಸೆಟ್ಟಿನೊಳಗೆ ನುಗ್ಗಬೇಕು.

ಆ್ಯಕ್ಷನ್ ಅಂದರು. ಬಾಗಿಲು ಧಡಾರನೆ ತೆರೆಯಿತು. ಆಮೇಲೆ ಯಾರೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಎಲ್ಲರೂ ಬಂದೂಕು ಹಿಡಿದು ಬರಿಗಾಲಲ್ಲಿ ಮೆಲ್ಲಗೆ ಬಂದರು.

"ಬೂಟೆಲ್ರೀ?" ಎಂದು ನಿರ್ದೇಶಕರು ಕೂಗಿದರು.

"ಬೆಳಗ್ಗೆ ನೀವೇ ಒಳಗೆ ಪೂಜೆ ಮಾಡಿ ಕಾಯಿ ಒಡುದ್ರಲ್ಲ ಸಾ. ಬೂಟಾಕ್ಕೊಂಡು ಹೆಂಗ್ ಬರೋದು?"

ದೇವರ ಫೋಟೋ ಆಚೆ ಸಾಗಿಸಿ, ಇದು ಹೆಂಡದಂಗಡಿ ಕಣ್ರಪ್ಪ ಎಂದು ಕೈಮುಗಿದು ಹೇಳಿದ್ದಾಯಿತು. ಮತ್ತೆ ನುಗ್ಗಿದರು. ಈಗ ಎಲ್ಲರ ಕಾಲಲ್ಲೂ ಬೂಟು. ಆದರೆ ಒಳಗೆ ಬಂದವರೇ ಒಬ್ಬೊಬ್ಬರಾಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮಾಟ

ಮೂರು ದಾರಿ ಕೂಡುವಲ್ಲಿ ಕಲಾ ವಿಭಾಗದವರು ಪ್ಲಾಸ್ಟಿಕ್ ಬುರುಡೆ, ಕರಿ ಮೇಣದ ಬತ್ತಿ, ನಿಂಬೆಹಣ್ಣು ಇಟ್ಟು ಮಾಟದ ಮಂಡಲ ಬರೆದರು. ಊಟ ಮುಗಿಸಿ ಬರುವಷ್ಟರಲ್ಲಿ ಜಾಗ ಸಾರಿಸಿದ ಹಾಗಿತ್ತು. ಊರಿನಲ್ಲಿ ಮಾಟ ತೆಗೆಯುವ ತಾತ ಬಂದು, ಕುಂಬಳಕಾಯಿ ಒಡೆದು, ಬುರುಡೆಯನ್ನು ಹಾಳು ಬಾವಿಗೆ ಹಾಕಿ ಕೈತೊಳೆದುಕೊಂಡಿದ್ದ.

ಇದು ಸುಳ್ಳು ಮಾಟ ಎಂದು ನಾನು ಬಿಡಿಸಿ ಹೇಳಿದೆ. ತಾತ ತಲೆಯಾಡಿಸಿದ. ಇನ್ನೊಂದು ಬುರುಡೆ ತಂದು ಮತ್ತೆ ಇಟ್ಟರು, ಟೀಗೆ ಹೋಗಿ ಬರುವುದರೊಳಗೆ ಮತ್ತೆ ಮಾಯ.

"ಸುಳ್ಳು ಅಂತ ಒಪ್ಕೊಂಡೆಯಲ್ಲ ತಾತ?"

"ಒಪ್ಕೊಂಡೆ ಕಣಪ್ಪ. ಅದಕ್ಕೇ ಈ ಸತಿ ನಾನೂ ಸುಳ್ಳು ಮಂತ್ರಾನೇ ಹೇಳಿ ತೆಗ್ದೆ."

ಓಟ

ಕೊನೆಯ ದಿನ. ಮಾಟಗಾತಿಯನ್ನು ಕಂಡು ಇಡೀ ಊರು ದಿಕ್ಕೆಟ್ಟು ಓಡುವ ದೃಶ್ಯ ಬಾಕಿ. ಮಾಟಗಾತಿ ಆಗಿದ್ದ ಹುಡುಗಿ ಸಂಜೆಯೇ ಬೇರೆ ಶೂಟಿಂಗಿಗೆ ಹೊರಡಬೇಕು. "ಈ ಶಾಟ್ ಇಲ್ಲ ಅಂದ್ರೆ ಪಿಕ್ಚರೇ ಇಲ್ಲ. ಜನ ನಿಮ್ಮ ಜವಾಬ್ದಾರಿ," ಅಂದರು ನಿರ್ದೇಶಕರು. ಪಿಕ್ಚರ್ ಇಲ್ಲದಿದ್ದರೆ ನನ್ನ ಹೆಸರೆಲ್ಲಿ? ಪಾವಗಡಕ್ಕೆ ಯಾವ ಮುಖ ಹೊತ್ತು ಹೋಗಲಿ?

ತೊಂದರೆ ಏನೆಂದರೆ, ಆ ಹುಡುಗಿ ಬಲು ಒಳ್ಳೆಯವಳು. ಬಿಡುವಿದ್ದಾಗಲೆಲ್ಲ ಜಗಲಿ ಮೇಲೆ ಕೂತು ಹೆಂಗಸರ ಜೊತೆ ಅವರೆಕಾಳು ಹಿತುಕುತ್ತಿದ್ದಳು. ಮಾಟಗಾತಿ ವೇಷಕ್ಕೆ ಅಂಟಿಸಿದ ಆ ಗೇಣುದ್ದದ ಉಗುರು ಅದಕ್ಕೇ ಮಾಡಿಸಿದಂತಿತ್ತು. ಈಗ ಅವಳು ಬಿಳಿ ಕಣ್ಣು ಬಿಟ್ಟುಕೊಂಡು ಕಿರುಚುತ್ತಾ ಬಂದರೆ, ಓಡುವವರು ನಿಂತು ಹಿಂದೆ ತಿರುಗಿ, "ಮೆಲ್ಲಕ್ ಬಾರವ್ವ, ಲಂಗ ಎಡವೀಯ," ಅನ್ನುತ್ತಿದ್ದರು.

"ಭಯ ಪಡಿ!" ಎಂದು ನಿರ್ದೇಶಕರು ಮೈಕಿನಲ್ಲಿ ಅರಚಿದರು.

"ಅವರೆ ಹಿತ್ಕಿಕೊಟ್ಟ ಮಗೀನ ಕಂಡು ಓಡೋದ್ರೆ ದ್ಯಾವ್ರು ಮೆಚ್ತಾನೇನಪ್ಪ?" ಎಂದು ಒಬ್ಬ ಅಜ್ಜಿ ಅವರನ್ನೇ ಬೈದಳು.

ಹೊತ್ತು ಇಳಿಯುತ್ತಿತ್ತು. ನಿರ್ದೇಶಕರು ತಲೆ ಮೇಲೆ ಕೈಹೊತ್ತು ನನ್ನ ಕುರ್ಚಿಯಲ್ಲಿ ಕುಸಿದರು. ಕೊನೆಯ ಸಲ ನೋಡೋಣ ಎಂದು ಕ್ಯಾಮೆರಾದವನು ಶುರು ಮಾಡಿದ. ಅಷ್ಟರಲ್ಲಿ ಅವನ ಬೆನ್ನ ಹಿಂದಿನ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಮಧುಗಿರಿ ಬಸ್ಸು! ಅದರ ಡ್ರೈವರ್ ಎಂಥವನೆಂದರೆ, ಬಸ್ಸು ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತಾನೆ ಅಷ್ಟೆ.

ಮಧುಗಿರಿಗೆ ಹೋಗುವವರು, ಹೋಗದವರು, ಎಲ್ಲರೂ ಕ್ಯಾಮೆರಾದ ಕಡೆಗೇ ನುಗ್ಗಿದರು. ಕಣ್ಣು ಅಗಲ, ಬಾಯಿ ಅಗಲ, ಕಂಕುಳಲ್ಲಿ ಮಗು, ಕೈಯಲ್ಲಿ ಬ್ಯಾಗು. ಅಜ್ಜಿಯಂತೂ ಎಲ್ಲರನ್ನೂ ತಳ್ಳಿಕೊಂಡು ಮುಂದೆ. ಅವಳ ಒಂದು ಚಪ್ಪಲಿ ಕಳಚಿಬಿತ್ತು. ಹಿಂದಿನಿಂದ ಮಾಟಗಾತಿ ಆ ಉಗುರಿನ ಕೈಗಳನ್ನು ಚಾಚಿಕೊಂಡು, "ಅಜ್ಜೀ, ಚಪ್ಪಲಿ! ಚಪ್ಪಲಿ!" ಎಂದು ಕೂಗುತ್ತಾ ಓಡಿಬಂದಳು. "ಓಕೆ! ಓಕೆ!" ಎಂದು ಕುಣಿದ ನಿರ್ದೇಶಕರು ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟರು.

ಪಿಕ್ಚರ್ ಬಿಡುಗಡೆಯಾದಾಗ ಮಧುಗಿರಿಯ ಟಾಕೀಸಿನಲ್ಲಿ ಊರಿನವರ ಜೊತೆ ಕೂತು ನೋಡಿದೆ. ನನ್ನ ಹೆಸರು ಬಂದು ಹೋಯಿತು. ಅದನ್ನು ನೋಡಲೆಂದೇ ಬಂದಿದ್ದ ಪಾವಗಡದವರೆಲ್ಲ ಸೀಟಿ ಹೊಡೆದರು. ಕೊನೆಗೆ ಆ ದೃಶ್ಯ ಬಂತು. ಚಪ್ಪಲಿಯ ಕೂಗು ತೆಗೆದು ಎದೆ ನಡುಗಿಸುವ ಸಂಗೀತ ಹಾಕಿದ್ದರು. ಟಾಕೀಸೆಲ್ಲ ಗಪ್‌ಚಿಪ್. ಎಲ್ಲೋ ಒಂದು ಮಗು ಹೆದರಿ ಅತ್ತಿತು. ಪರದೆ ತುಂಬ ಅಜ್ಜಿಯ ಗಾಬರಿ ಬಿದ್ದ ಮುಖ.

ಆ ಕತ್ತಲಲ್ಲಿ, ಮುಂದಿನ ಸಾಲಿನಿಂದ, ಅಜ್ಜಿಯ ದನಿ ಎಲ್ಲರಿಗೂ ಕೇಳಿಸಿತು:

"ಅಷ್ಟ್ ಓಡಿದ್ರೂ ಅವತ್ತು ಸೀಟ್ ಸಿಗ್ಲಿಲ್ಲ ಕಣಮ್ಮ. ಮಧುಗಿರಿಗಂಟ ನಿಂತ್ಕೊಂಡೇ ಬಂದೆ!"