ರೋಮನ್ ಸೈನ್ಯವನ್ನು ತಿಂದ ಅಧ್ಯಕ್ಷರು

ಕೆಲವರು ಮಾತಿಗೆ ನಿಂತರೆ ಜನ ಹಸಿವು ನಿದ್ದೆ ಮರೆಯುತ್ತಾರಂತೆ. ನಾನು ನಿಂತರೆ ಮರೆತ ಕೆಲಸಗಳೆಲ್ಲ ಅವರಿಗೆ ನೆನಪಾಗುತ್ತವೆ. ಸೊಲ್ಲಾಪುರದ ಕನ್ನಡ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಮಕ್ಕಳು ನಡುವೆ ಎದ್ದು ಹೋಗುವಂತಿರಲಿಲ್ಲವಾದ್ದರಿಂದ ಈ ಸತ್ಯ ತಡವಾಗಿ ತಿಳಿಯಿತು. ಅಕ್ಕಲಕೋಟೆಯ ವಾಚನಾಲಯದಲ್ಲಿ ತಿಂಗಳಿಗೊಂದು ಕನ್ನಡ ಉಪನ್ಯಾಸ ನಡೆಯುತ್ತದೆ. ಹೋದ ಸಲ ನಾನು ಫ್ರಾನ್ಸಿನ ಕ್ರಾಂತಿಯ ಬಗ್ಗೆ ಮಾತಾಡುವಾಗ ಒಬ್ಬರಿಗೆ ಗ್ಯಾಸ್ ಸಿಲಿಂಡರು, ಇನ್ನೊಬ್ಬರಿಗೆ ಎಸ್.ಟಿ. ಬಸ್ಸು ನೆನಪಾಗಿ, ರಾಜನ ತಲೆ ಉರುಳುವ ಹೊತ್ತಿಗೆ ಕಾರ್ಯದರ್ಶಿಗಳೊಬ್ಬರೇ ಉಳಿದಿದ್ದರು. ಈ ಸಲ ಅವರು ಫೋನಿನಲ್ಲೇ ಹೇಳಿಬಿಟ್ಟರು:

"ಗುರುಜಿ, ಮತ್ತ ಮಂದಿ ಎದ್ದು ಹೋದ್ರಂದ್ರ ಕನ್ನಡ ಭಾಷಣ ಬಂದ್ ಮಾಡಿ ಮರಾಠಿ ಕೀರ್ತನ ಇಡೂಣು ಅಂತ ಕಮಿಟಿಯವ್ರು ಅನ್ನಾಕತ್ತಾರ್ರಿ."

ನನಗೆ ಹಟ ಬಂತು. ಒಬ್ಬರೂ ಏಳಬಾರದು! ಎರಡು ಸಾವಿರ ವರ್ಷದ ಹಿಂದೆ ಜರ್ಮನಿಯ ಕಾಡಿನಲ್ಲಿ ರೋಮನ್ ಸೇನಾಪತಿ ವಾರುಸ್ ಮೂರು ದಂಡುಗಳನ್ನು ಕಳೆದುಕೊಂಡ ಯುದ್ಧವನ್ನೇ ಆರಿಸಿಕೊಂಡೆ. ರೋಮಿನ ಸೈನ್ಯದಲ್ಲೇ ಪಳಗಿದ ಅರ್ಮಿನಿಯಸ್ ಎಂಬ ಸ್ಥಳೀಯನನ್ನು ನಂಬಿ, ಮಳೆಯಲ್ಲಿ, ಕೆಸರಿನಲ್ಲಿ, ಇಕ್ಕಟ್ಟಿನ ದಾರಿಯಲ್ಲಿ ಮೈಲಿಗಟ್ಟಲೆ ಸಾಲಾಗಿ ಹೋಗಿ ಕೆಟ್ಟವನು ವಾರುಸ್. ಜೋಳದ ಹೊಲವನ್ನಷ್ಟೇ ನೋಡಿದವರಿಗೆ ಆ ಕಾಡನ್ನು ತೋರಿಸುವುದು ಹೇಗೆ? ಮೇಜಿನ ಮೇಲೆ ಹಸಿರು ಚಾದರ ಹಾಸಿ, ಕೊತ್ತಂಬರಿಯ ಕಾಡು ನೆಟ್ಟು, ಶೇಂಗಾ ಸೈನ್ಯ ಹೊರಡಿಸುವುದೆಂದು ತೀರ್ಮಾನಿಸಿದೆ.

"ಯುದ್ಧಾನೋ, ಚಟ್ನಿಯೋ?" ಎಂದಳು ಹೆಂಡತಿ. ಆದರೂ ಚಟ್ನಿಗೆಂದು ಹುರಿದಿಟ್ಟ ಶೇಂಗಾವನ್ನೇ ಕಟ್ಟಿಕೊಟ್ಟಳು. ಹಸಿ ಶೇಂಗಾ ಕೇಳಿ ಒಯ್ಯಬೇಕೆಂಬ ಬುದ್ಧಿ ನನಗೆ ಬರಲಿಲ್ಲ.

ಅಂದು ಅಧ್ಯಕ್ಷತೆ ಸೊಲ್ಲಾಪುರದ ಅರಿವೆ ವ್ಯಾಪಾರಿಯೊಬ್ಬರದು. ಸೈನ್ಯದ ಬಾಲ ಸರಿಯಾಗಿ ಅವರ ಮುಂದೆಯೇ ಬಂದಿತ್ತು. ನಮ್ಮ ಕಡೆ ಕೈಗೆಟಕುವಂತೆ ಹುರಿದ ಶೇಂಗಾ ಇಟ್ಟರೆ ಅದು ಉಪಚಾರ. ಮುಟ್ಟದಿದ್ದರೆ ಇಟ್ಟವರಿಗೆ ಅವಮಾನ. ಮರ್ಯಾದಸ್ಥರಾದ ಅಧ್ಯಕ್ಷರು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳತೊಡಗಿದರು. ನಾನು ವಾರುಸನನ್ನು ಕಾಡಿಗೆ ತರುವಷ್ಟರಲ್ಲಿ ಒಂದು ದಂಡು ಪೂರ್ತಿ ಮಾಯವಾಗಿತ್ತು. ನನ್ನ ನಾಲಿಗೆ ತೊದಲಿತು. ಬಾಗಿಲ ಬಳಿ ಒಬ್ಬರು ಆಗಲೇ ಚಪ್ಪಲಿ ಹುಡುಕಲಾರಂಭಿಸಿದ್ದರು.

ಆಗ ಹಿಂದಿನ ಸಾಲಿನಿಂದ ಕಂಬಳಿ ಹೊದ್ದ ಹಿರಿಯರೊಬ್ಬರು ಎದ್ದರು. ಭಂಡಾರಕವಠೆಯ ಕುರಿಗಾರ ಬೀರಪ್ಪ. ಮಗಳ ಮನೆಗೆ ಬಂದವರು, ಫ್ಯಾನಿನ ಗಾಳಿಗೆಂದು ಒಳಗೆ ಕೂತಿದ್ದರು.

"ಗುರುಜಿ, ಒಂದ್ ಮಾತು ಕೇಳ್ಲೇನ್ರಿ? ಸಾಹೇಬ್ರು ಹಿಂದಿಂದ ಒಂದೊಂದ ತಿನ್ನಾಕತ್ತಾರ. ಮುಂದಿನ ಶೇಂಗಾಕ್ಕ ಗೊತ್ತಾಗೇತೇನು?"

ಸಭೆ ಗೊಳ್ಳೆಂದಿತು. ಅಧ್ಯಕ್ಷರ ಕೈ ಅರ್ಧದಲ್ಲೇ ನಿಂತಿತು.

"ನಗಬ್ಯಾಡ್ರಿ. ತ್ವಾಳ ಹಿಂಗ ಕುರಿ ಹಿಂದ ಬೀಳತೈತಿ. ಮುಂದಿನಾಂವ ಶಿಳ್ಳಿ ಹಾಕ್ಕೋತ ಹೊಂಟಿರತಾನ. ಜಾಲಿಕಂಟಿಯಾಗ ಸಣ್ಣ ದಾರಿ ಬಂತಂದ್ರ ನಾವು ಹಿಂಡು ಉದ್ದ ಬಿಡಂಗಿಲ್ಲ. ಹಿಂದಿನವು ಬರೂತನಕಾ ಮುಂದಿನವು ಕದಲಂಗಿಲ್ಲ. ಎಲ್ಲಾರಕಿಂತ ಶಾಣ್ಯಾ ಮನಿಷ್ಯಾ ಹಿಂದ ಇರಬೇಕು. ನಿಮ್ಮ ರೋಮಿನ ಸಾಹೇಬ ಹಿಂದ ಯಾರನ್ನ ಬಿಟ್ಟಿದ್ದ?"

ನಾನು ಹದಿನಾಲ್ಕು ಪುಸ್ತಕ ಓದಿ ಬಂದಿದ್ದೆ. ಆದರೆ ವಾರುಸ್ ಸೋತದ್ದು ಹೇಗೆಂದು ನನಗೇ ಕಣ್ಣಿಗೆ ಕಟ್ಟಿದ್ದು ಆಗಲೇ. ಕುರ್ಚಿಗಳು ಸದ್ದು ಮಾಡಿದವು, ಜನ ಎದ್ದೇಬಿಟ್ಟರು! ಮುಗಿಯಿತು ಎಂದುಕೊಂಡೆ. ಯಾರೂ ಹೊರಗೆ ಹೋಗಲಿಲ್ಲ. ಎಲ್ಲರೂ ಬೀರಪ್ಪನವರ ಸುತ್ತ ನೆರೆದರು. ಒಂದು ತಾಸು ಯಾರೂ ಅಲುಗಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆದರೂ ನನ್ನ ಕುರ್ಚಿಯನ್ನೂ ಅತ್ತ ಎಳೆದುಕೊಂಡೆ.

ಕಾರ್ಯದರ್ಶಿಗಳು ಬೀಳ್ಕೊಡಲು ಬಂದು ಕೈ ಹಿಡಿದರು. "ಕನ್ನಡ ಭಾಷಣ ಉಳೀತ್ರಿ ಗುರುಜಿ! ಮುಂದಿನ ತಿಂಗಳ ಬೀರಪ್ಪ ಮಾಮಾಂದು. ನೀವು ಅವರ ಪರಿಚಯ ಮಾಡ್ರಿ. ಆದ್ರ... ಸಣ್ಣದು."

ಅಂದಿನಿಂದ ಹಟ ಹಿಡಿದು ಆ ಸಣ್ಣ ಪರಿಚಯವನ್ನು ಬರೆಯುತ್ತಿದ್ದೇನೆ. ಒಂಬತ್ತು ಪುಟ ಮುಗಿದಿವೆ. ಬೀರಪ್ಪನವರು ಇನ್ನೂ ಹುಟ್ಟಿಲ್ಲ.